ಹಳೆ ಆಟೊಮ್ಯಾಟಿಕ್ ಕಾರು ಗೇರ್ ಸರಿಯಾಗಿ ಹಾಕುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

"ಗಿಯರ್‌ಬಾಕ್ಸ್ ಖೋಲಾವಾ ಲಾಗೇಲ್, ಸಾಹೇಬ್." ಪುಣೆಯಲ್ಲಿ ಹಳೆಯ ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರ ಕಿವಿಗೆ ಒಂದಲ್ಲ ಒಂದು ದಿನ ಈ ಮಾತು, ಅಂದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ ಎಂಬುದು, ಬಿದ್ದೇ ಬೀಳುತ್ತದೆ. ಡಿ (ಮುಂದೆ ಹೋಗುವ ಡ್ರೈವ್) ಹಾಕಿದ ತಕ್ಷಣ ಕಾರು ಧಡ್ ಎಂದು ಜಿಗಿಯುತ್ತದೆ. ಇಲ್ಲವೇ ಎರಡು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಹೊರಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗಲು ಒಲ್ಲದು. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ಸುತ್ತು ಟ್ರಯಲ್ ಹೊಡೆದು ಬಂದು ಬಿಚ್ಚಬೇಕು ಅನ್ನುತ್ತಾನೆ. ಬಿಚ್ಚಿದ ಮೇಲೆ ಬಿಲ್ಲು ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ.

ಕೋಥ್ರೂಡ್, ಬಾಣೇರ್ ಕಡೆಯ ನಮ್ಮ ಕನ್ನಡದವರ ಬಳಗದಲ್ಲಿ ಇಂಥ ಕಾರುಗಳು ಜಾಸ್ತಿ. ಹಿಂಜವಡಿಯ ಟ್ರಾಫಿಕ್ಕಿಗೆ ಬೇಸತ್ತು ಹತ್ತು-ಹನ್ನೆರಡು ವರ್ಷದ ಆಟೊಮ್ಯಾಟಿಕ್ ಕೊಂಡವರು. ಹಬ್ಬ ಬಂತೆಂದರೆ ಅದರಲ್ಲೇ ಬೆಳಗಾವಿ, ಹುಬ್ಬಳ್ಳಿ, ವಿಜಯಪುರಕ್ಕೆ ಹೊರಡುವವರು. ಅವರು ಕೇಳಿದಾಗೆಲ್ಲ ನಾನು ಹೇಳುವುದು ಒಂದೇ: ಗೇರ್‌ಬಾಕ್ಸ್ ಬಿಚ್ಚುವುದು ಕಟ್ಟಕಡೆಯ ಕೆಲಸ. ಹೊರಗಿನಿಂದ ಒಳಕ್ಕೆ ಹೋಗಿ, ಅಗ್ಗದ್ದು ಮುಗಿಸಿ ದುಬಾರಿಗೆ ಹೋಗಿ. ಎಷ್ಟೋ ಸಲ ತಪ್ಪು ಇರುವುದು ಆಯಿಲ್‌ನಲ್ಲಿ, ಒಂದು ರಬ್ಬರ್ ತುಂಡಿನಲ್ಲಿ, ಇಲ್ಲವೇ ಬ್ಯಾಟರಿಯ ಟರ್ಮಿನಲ್‌ನಲ್ಲಿ.

ನಿಮ್ಮದು ಯಾವ ಆಟೊಮ್ಯಾಟಿಕ್?

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. "ಆಟೊಮ್ಯಾಟಿಕ್" ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳು ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಒಂದರ ಔಷಧ ಇನ್ನೊಂದಕ್ಕೆ ವಿಷ.

ಮೊದಲನೆಯದು ಟಾರ್ಕ್ ಕನ್ವರ್ಟರ್. ಹಳೆಯ ಐ10, ಡಿಜೈರ್‌ನ 4 ಗೇರಿನ ಆಟೊಮ್ಯಾಟಿಕ್, 2014ಕ್ಕಿಂತ ಹಿಂದಿನ ಹೊಂಡಾ ಸಿಟಿಯ 5 ಗೇರಿನದು, ಕೊರೊಲ್ಲಾ ಆಲ್ಟಿಸ್‌ನ ಹಳೆಯ ಮಾಡೆಲ್‌ಗಳು ಈ ಜಾತಿ. ಇದರಲ್ಲಿ ಕ್ಲಚ್ ಪೆಡಲಿನ ಕೆಲಸವನ್ನು ಆಯಿಲ್ ಮಾಡುತ್ತದೆ. ಗೇರ್ ಬದಲಿಸುವುದೂ ಆಯಿಲ್‌ನ ಒತ್ತಡವೇ. ಎರಡನೆಯದು ಸಿವಿಟಿ. 2014ರ ಸಿಟಿ, ನಿಸ್ಸಾನ್ ಮೈಕ್ರಾ ಇದರ ಉದಾಹರಣೆ. ಇಲ್ಲಿ ಗೇರುಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಮೂರನೆಯದು ಎರಡು ಕ್ಲಚ್ಚಿನ ಡಿಎಸ್‌ಜಿ, ಹಳೆಯ ಪೋಲೊ ಜಿಟಿ ಟಿಎಸ್‌ಐನಲ್ಲಿ ಇರುವಂಥದ್ದು. ನಾಲ್ಕನೆಯದು ಎಎಮ್‌ಟಿ. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂತು. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಎಳೆಯುವ ಕೆಲಸವನ್ನು ಮನುಷ್ಯನ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೇ.

ಲಿವರ್ ಹತ್ತಿರ ಪಿ (ಪಾರ್ಕಿಂಗ್) ಇಲ್ಲದೆ ಬರೀ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ ಮತ್ತು ಎಮ್ (ಮ್ಯಾನ್ಯುಯಲ್) ಇದ್ದರೆ ಅದು ಬಹುತೇಕ ಎಎಮ್‌ಟಿ. ಉಳಿದವಕ್ಕೆ ಕಾರಿನ ಜೊತೆ ಬರುವ ಓನರ್ ಮ್ಯಾನ್ಯುಯಲ್ ಪುಸ್ತಕ ನೋಡಿ. ಸೆಕೆಂಡ್‌ಹ್ಯಾಂಡ್ ಕೊಂಡಾಗ ಪುಸ್ತಕ ಸಿಗದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಬಹಳಷ್ಟು ಮಾಡೆಲ್‌ಗಳದ್ದು ಸಿಗುತ್ತದೆ. ಆ ಪುಸ್ತಕ ಮುಂದೆ ಹೆಜ್ಜೆ ಹೆಜ್ಜೆಗೂ ಬೇಕು, ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಈ ಲೇಖನದಲ್ಲಿ ಹೆಚ್ಚಿನ ಮಾತು ಟಾರ್ಕ್ ಕನ್ವರ್ಟರ್ ಬಗ್ಗೆ. ಹಳೆಯ ಕಾರುಗಳಲ್ಲಿ ಅದೇ ಜಾಸ್ತಿ, ಮನೆಯಲ್ಲೇ ನೋಡಬಹುದಾದ್ದೂ ಅದರಲ್ಲೇ ಜಾಸ್ತಿ.

ಏನಾಗುತ್ತಿದೆ, ಬರೆದಿಡಿ

"ಗೇರ್ ಸರಿ ಬೀಳ್ತಿಲ್ಲ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಬಾಣೇರ್–ಪಾಷಾಣ್ ಲಿಂಕ್ ರಸ್ತೆಯಂಥ ಖಾಲಿ ಜಾಗದಲ್ಲಿ ಓಡಿಸಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ಕಾರು ತಣ್ಣಗಿದ್ದಾಗ ಆಗುತ್ತದೋ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೋ? ಪಿಯಿಂದ ಆರ್‌ಗೆ ಹಾಕಿದಾಗಲೋ, ಎನ್‌ನಿಂದ ಡಿಗೆ ಹಾಕಿದಾಗಲೋ? ಒಂದರಿಂದ ಎರಡಕ್ಕೆ ಹೋಗುವಾಗ ಮಾತ್ರವೋ, ಎಲ್ಲ ಗೇರಿನಲ್ಲೂ? ಎಷ್ಟು ವೇಗದಲ್ಲಿ? ಏರಿನಲ್ಲೋ, ಸಮತಟ್ಟಿನಲ್ಲೋ?

ಉತ್ತರಗಳೇ ಅರ್ಧ ಕಾರಣ ಹೇಳಿಬಿಡುತ್ತವೆ. ತಣ್ಣಗಿದ್ದಾಗ ಡಿ ಹಿಡಿಯಲು ತಡ ಮಾಡಿದರೆ ಆಯಿಲ್ ಕಡಿಮೆ ಇರಬಹುದು, ಇಲ್ಲವೇ ಒಳಗಿನ ಸೀಲುಗಳು ಒಣಗಿ ಗಟ್ಟಿಯಾಗಿರಬಹುದು. ತಿರುವಿನಲ್ಲಿ ಅಥವಾ ಏರಿನಲ್ಲಿ ಮಾತ್ರ ಸ್ಲಿಪ್ ಆದರೆ (ಎಂಜಿನ್ ಕೂಗಿಯೂ ಕಾರು ಎಳೆಯದಿದ್ದರೆ) ಆಯಿಲ್ ಲೆವೆಲ್ ಮೇಲೆ ಅನುಮಾನ ಪಡಿ. ಆಯಿಲ್ ಒಂದು ಕಡೆಗೆ ಸರಿದು ಪಂಪು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಒಂದೇ ಒಂದು ಗೇರ್ ಬದಲಾಗುವಾಗ ಮಾತ್ರ ಜರ್ಕ್ ಇದ್ದರೆ ಆ ಗೇರಿನ ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್) ಇರಬಹುದು. ಬಿಸಿಯಾದ ಮೇಲೆ ಎಲ್ಲ ಗೇರುಗಳಲ್ಲೂ ಎಂಜಿನ್ ಕೂಗಿ ಕಾರು ಎಳೆಯದಿದ್ದರೆ ಮಾತ್ರ ಒಳಗಿನ ಕ್ಲಚ್ ಪ್ಲೇಟುಗಳ ಚಿಂತೆ ಮಾಡಬೇಕು.

ಒಂದು ಮಾತು. ಡಿಸೆಂಬರ್-ಜನವರಿಯ ಪುಣೆ ಚಳಿಯಲ್ಲಿ ಬೆಳಿಗ್ಗೆ ಮೊದಲ ಕೆಲವು ನಿಮಿಷ ಗೇರ್ ತಡವಾಗಿ ಬದಲಾಗುವುದು ರೋಗವಲ್ಲ. ಆಯಿಲ್ ಬಿಸಿಯಾಗುವವರೆಗೆ ಕಂಪ್ಯೂಟರೇ ಹಾಗೆ ಓಡಿಸುತ್ತದೆ. ಎಎಮ್‌ಟಿಯಲ್ಲಿ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುವುದೂ ಅದರ ಹುಟ್ಟುಗುಣ. ಅದಕ್ಕೆ ಗ್ಯಾರೇಜ್ ಸುತ್ತಬೇಡಿ.

ಆಯಿಲ್ ನೋಡುವುದು

ಇಲ್ಲಿ ಅವಸರ ಬೇಡ. ಆಟೊ ಗೇರ್ ಆಯಿಲ್ ಎಂಜಿನ್ ಆಯಿಲ್‌ನ ಹಾಗೆ ಸುಟ್ಟು ಕಡಿಮೆಯಾಗುವುದಿಲ್ಲ. ಲೆವೆಲ್ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹಾಗಾಗಿ "ಒಂದು ಲೀಟರ್ ಹಾಕಿ ಬಿಡಿ" ಅನ್ನುವವರ ಮಾತು ಅರ್ಧ ಕೆಲಸ ಮಾತ್ರ.

ಡಿಪ್‌ಸ್ಟಿಕ್ (ಗೇರ್ ಆಯಿಲ್ ಅಳೆಯುವ ಕಡ್ಡಿ) ಇರುವ ಕಾರಿನಲ್ಲಿ ನೋಡುವ ಕ್ರಮ ಹೀಗೆ:

1. ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ ಆಯಿಲ್ ಬಿಸಿ ಮಾಡಿ. ತಣ್ಣನೆ ಆಯಿಲ್ ಲೆವೆಲ್ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ತುಂಬಿಸಿದರೆ ಬಿಸಿಯಾದಾಗ ಜಾಸ್ತಿಯಾಗುತ್ತದೆ.

2. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸೊಸೈಟಿಯ ಬೇಸ್‌ಮೆಂಟಿಗೆ ಇಳಿಯುವ ರ್ಯಾಂಪ್ ಬೇಡ. ಹ್ಯಾಂಡ್‌ಬ್ರೇಕ್ ಎಳೆಯಿರಿ.

3. ಬ್ರೇಕ್ ಒತ್ತಿಕೊಂಡೇ ಲಿವರನ್ನು ಪಿಯಿಂದ ಕೊನೆಯವರೆಗೆ ಒಂದೊಂದೇ ಮನೆಯಲ್ಲಿ ಎರಡು-ಮೂರು ಸೆಕೆಂಡ್ ನಿಲ್ಲಿಸುತ್ತ ಹೋಗಿ, ಮತ್ತೆ ಪಿಗೆ ತನ್ನಿ.

4. ಟೊಯೊಟಾದಂಥ ಬಹಳಷ್ಟು ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೊಂಡಾದ ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಎಂಜಿನ್ ಆಫ್ ಮಾಡಿ, ಒಂದು-ಒಂದೂವರೆ ನಿಮಿಷದೊಳಗೆ ನೋಡಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಗ್ಯಾರೇಜುಗಳಲ್ಲಿ ತಪ್ಪು ಲೆವೆಲ್ ತುಂಬಿಸುತ್ತಾರೆ. ನಿಮ್ಮ ಪುಸ್ತಕ ಏನು ಹೇಳುತ್ತದೋ ಅದೇ ಸರಿ.

5. ಕಡ್ಡಿ ತೆಗೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆಯಿರಿ. "ಹಾಟ್" ಎಂಬ ಗುರುತಿನ ಎರಡು ಗೆರೆಗಳ ನಡುವೆ ಆಯಿಲ್ ಇರಬೇಕು.

ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು, ಆದರೆ ಎಲ್ಲ ಕಂಪನಿಯದೂ ಕೆಂಪಿರಬೇಕೆಂದಿಲ್ಲ. ಓಡಿದಂತೆ ಕಂದು ಬಣ್ಣಕ್ಕೆ ತಿರುಗುವುದು ಸಹಜ. ಕಪ್ಪಾಗಿದ್ದು ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟು ಸವೆದಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್‌ನ ಹಾಗೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ, ಒಂದು ಕಿಲೋಮೀಟರೂ ಓಡಿಸಬೇಡಿ. ನೀರು ಸೇರಿದೆ. ಬಹಳ ಕಾರುಗಳಲ್ಲಿ ಗೇರ್ ಆಯಿಲ್ ತಂಪು ಮಾಡುವ ಕೊಳವೆ ರೇಡಿಯೇಟರ್ ಒಳಗೇ ಇರುತ್ತದೆ. ಹಳೆಯದಾಗಿ ಒಳಗೆ ತೂತು ಬಿದ್ದರೆ ಕೂಲಂಟ್ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಡಿಸುತ್ತದೆ. ಹನ್ನೆರಡು ವರ್ಷದ ರೇಡಿಯೇಟರ್ ಇರುವ ಕಾರಿಗೆ ಇದು ದೊಡ್ಡ ಅಪಾಯ, ಆದರೂ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಕಾರು ನಿಂತಿದ್ದರೂ ಹೀಗಾಗಬಹುದು. ಗೇರ್‌ಬಾಕ್ಸಿಗೆ ಗಾಳಿಯಾಡುವ ಒಂದು ಸಣ್ಣ ಕಿಂಡಿ ಇರುತ್ತದೆ, ನೀರು ಅಲ್ಲಿಂದ ಒಳಗಿಳಿಯುತ್ತದೆ. ಮುಂಬೈಯಿಂದ ಬಂದ ಹಳೆಯ ಕಾರು ಕೊಳ್ಳುವವರು ಈ ಒಂದು ಹನಿಯನ್ನು ನೋಡದೆ ಟೋಕನ್ ಕೊಡಬೇಡಿ.

ಸೋರುವುದನ್ನು ಹಿಡಿಯಲು ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಕೆಂಪು-ಕಂದು ಕಲೆ ಇದ್ದರೆ ಗೇರ್ ಆಯಿಲ್. ಎಕ್ಸೆಲ್ ಗೇರ್‌ಬಾಕ್ಸಿಗೆ ಸೇರುವ ಕಡೆಯ ಆಯಿಲ್ ಸೀಲ್, ಕೂಲರ್ ಹೋಸುಗಳು, ಕೆಳಗಿನ ಪ್ಯಾನ್ ಗ್ಯಾಸ್ಕೆಟ್, ಈ ಮೂರು ಕಡೆ ಮೊದಲು ನೋಡಿಸಿ. ಬಣ್ಣವಿಲ್ಲದ ನೀರಾದರೆ ಅದು ಎಸಿಯದು, ಬಿಟ್ಟುಬಿಡಿ.

ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಇವೆ. ಅದರಲ್ಲಿ ಆಯಿಲ್ ಇಂತಿಷ್ಟೇ ಬಿಸಿಯಿರುವಾಗ ಬದಿಯ ಬೋಲ್ಟ್ ಬಿಚ್ಚಿ ಲೆವೆಲ್ ನೋಡಬೇಕು. ಕಾರನ್ನು ಸಮನಾಗಿ ಎತ್ತುವ ಲಿಫ್ಟ್ ಬೇಕು, ಬಿಸಿ ಓದಲು ಸ್ಕ್ಯಾನರ್ ಬೇಕು. ಮನೆಯಲ್ಲಿ ಜ್ಯಾಕ್ ಹಾಕಿ ಮಾಡುವ ಕೆಲಸ ಅಲ್ಲ.

ಗೇರ್‌ಬಾಕ್ಸ್ ಹೊರಗೆ ಅಡಗಿರುವ ಕಾರಣಗಳು

ಡಿ ಅಥವಾ ಆರ್ ಹಾಕಿದಾಗ ಧಡ್ ಎಂದರೆ ಮೊದಲು ಮೌಂಟಿಂಗ್ ನೋಡಿ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಡಿದಿರುವ ಈ ರಬ್ಬರ್ ತುಂಡುಗಳು ವರ್ಷಗಳು ಕಳೆದಂತೆ ಬಿರುಕು ಬಿಡುತ್ತವೆ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಆರ್, ಎನ್, ಡಿ ಬದಲಿಸಲಿ. ಇನ್ನೊಬ್ಬರು ಕಾರಿನ ಪಕ್ಕ ನಿಂತು ನೋಡಲಿ. ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ಎರಡು-ಮೂರು ಇಂಚು ಎದ್ದು ಕುಣಿದರೆ ಕಳ್ಳ ಸಿಕ್ಕಂತೆ. ನಮ್ಮ ಪಕ್ಕದ ವಿಂಗ್‌ನವರ ಕಾರಿಗೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಓವರ್‌ಹಾಲ್ ಎಂದು ಹೇಳಿ ಅಡ್ವಾನ್ಸ್ ಕೇಳಿದ್ದರು. ಇನ್ನೊಂದು ಕಡೆ ಎರಡು ಮೌಂಟಿಂಗ್ ಬದಲಿಸಿದರು, ಜರ್ಕ್ ಹೋಯಿತು.

ಎರಡನೆಯದು ಐಡಲ್. ನಿಂತಿರುವಾಗ ಎಂಜಿನ್ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದ್ದರೆ ಡಿ ಹಾಕಿದಾಗ ಜರ್ಕ್ ಬಂದೇ ಬರುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕೂತ ಮಸಿ ಇದಕ್ಕೆ ಸಾಮಾನ್ಯ ಕಾರಣ. ಅದರ ಕ್ಲೀನಿಂಗ್ ಸಣ್ಣ ಕೆಲಸ.

ಮೂರನೆಯದು ಬ್ಯಾಟರಿ. ಗೇರ್ ಬದಲಿಸುವ ಕಂಪ್ಯೂಟರಿಗೂ ಸೊಲೆನಾಯ್ಡ್‌ಗಳಿಗೂ ಸರಿಯಾದ ವೋಲ್ಟೇಜ್ ಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.4ರಿಂದ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಬಿಸಿನೀರು ಸುರಿದು ಬ್ರಷ್‌ನಿಂದ ಉಜ್ಜಿ. ಬ್ಯಾಟರಿಯಿಂದ ಬಾಡಿಗೆ, ಗೇರ್‌ಬಾಕ್ಸಿಗೆ ಹೋಗುವ ಅರ್ತ್ ವೈರ್ ತುಕ್ಕು ಹಿಡಿದಿದೆಯೇ ನೋಡಿ. ಗೋವಾ, ಮುಂಬೈ ಕಡೆ ಇದ್ದ ಕಾರುಗಳಲ್ಲಿ ಉಪ್ಪುಗಾಳಿಗೆ ಇದು ಬೇಗ ಹಾಳಾಗುತ್ತದೆ. ಇಲಿ ಕಡಿದ ವೈರುಗಳನ್ನೂ ಮರೆಯಬೇಡಿ, ಬೇಸ್‌ಮೆಂಟ್ ಪಾರ್ಕಿಂಗ್ ಇದ್ದವರಿಗೆ ಹೇಳಬೇಕಾಗಿಲ್ಲ ಅಲ್ವಾ.

ಲಿವರ್ ಪಿಯಿಂದ ಅಲುಗುವುದೇ ಇಲ್ಲವೇ? ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ಹತ್ತುತ್ತದೆಯೇ ಕೇಳಿ. ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ ಕೆಟ್ಟರೆ ಲೈಟೂ ಹತ್ತುವುದಿಲ್ಲ, ಲಿವರೂ ಬಿಡುವುದಿಲ್ಲ. ಕಾರು ಬ್ರೇಕ್ ಒತ್ತಿಲ್ಲ ಎಂದೇ ತಿಳಿದಿರುತ್ತದೆ. ಸದ್ಯಕ್ಕೆ ಗಾಡಿ ತೆಗೆಯಬೇಕಾದರೆ ಬಹಳ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳ ಅಥವಾ ಶಿಫ್ಟ್ ಲಾಕ್ ಗುಂಡಿ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಕೀಯಿಂದ ಅದನ್ನು ಅದುಮಿದರೆ ಲಿವರ್ ಸರಿಯುತ್ತದೆ. ಬ್ರೇಕ್ ಲೈಟ್ ಇಲ್ಲದೆ ಹೈವೇಗೆ ಮಾತ್ರ ಹೋಗಬೇಡಿ.

ಪಿಯಲ್ಲಿ ಸ್ಟಾರ್ಟ್ ಆಗದೆ ಎನ್‌ನಲ್ಲಿ ಆಗುತ್ತಿದ್ದರೆ, ಅಥವಾ ಡ್ಯಾಶ್‌ಬೋರ್ಡ್ ತಪ್ಪು ಅಕ್ಷರ ತೋರಿಸುತ್ತಿದ್ದರೆ ಲಿವರಿನ ಸ್ಥಾನ ಹೇಳುವ ನ್ಯೂಟ್ರಲ್ ಸ್ವಿಚ್ ಕಾರಣ ಇರಬಹುದು. ಅದೂ ಗೇರ್‌ಬಾಕ್ಸಿನ ಹೊರಗೇ ಇರುವ ಭಾಗ.

ಇನ್ನು 60-80ರ ವೇಗದಲ್ಲಿ, ಆಕ್ಸಿಲರೇಟರ್ ಹಗುರಾಗಿ ಒತ್ತಿರುವಾಗ ಬರುವ ನಡುಕ. ಇದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ, ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚಿನದಾಗಿರಬಹುದು, ಹಳೆಯ ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್‌ನಿಂದ ಆಗುವ ಮಿಸ್‌ಫೈರೂ ಆಗಿರಬಹುದು. ಎರಡೂ ಒಂದೇ ತರಹ ಅನಿಸುತ್ತವೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಆಕ್ಸಿಲರೇಟರ್ ಹಾಗೇ ಹಿಡಿದು ಎಡಗಾಲಿನಿಂದ ಬ್ರೇಕನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಮುಟ್ಟಿದರೆ ಲಾಕ್‌ಅಪ್ ಬಿಡುತ್ತದೆ. ತಕ್ಷಣ ನಡುಕ ನಿಂತರೆ ಕನ್ವರ್ಟರ್ ಕಡೆ ನೋಡಿ, ನಿಲ್ಲದಿದ್ದರೆ ಪ್ಲಗ್ ಕಡೆ. ಎಡಗಾಲಿಗೆ ಬ್ರೇಕಿನ ಅಭ್ಯಾಸವಿಲ್ಲ, ಜೋರಾಗಿ ಬಿದ್ದೀತು. ಧೈರ್ಯವಿಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೆ ಬಿಡಿ.

ಸ್ಕ್ಯಾನಿಂಗ್

ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದಲು ಇರುವ ಸಾಕೆಟ್) ಹಾಕುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೇ ಸಿಗುತ್ತದೆ. ಆದರೆ ಇಂಥವು ಎಂಜಿನ್ ಕಂಪ್ಯೂಟರನ್ನು ಓದುತ್ತವೆ, ಗೇರ್‌ಬಾಕ್ಸಿನ ಕಂಪ್ಯೂಟರನ್ನು ಎಷ್ಟೋ ಕಾರುಗಳಲ್ಲಿ ಓದುವುದಿಲ್ಲ. ಪಿ0700 ಎಂಬ ಕೋಡ್ ಬಂದರೆ "ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿ ಹೋಗಿ ನೋಡು" ಎಂದಷ್ಟೇ. ಅದನ್ನೇ ಹಿಡಿದು ಗೇರ್‌ಬಾಕ್ಸ್ ಹೋಯಿತು ಎನ್ನಬಾರದು. ಆಗ ಕಂಪನಿಯ ಸ್ಕ್ಯಾನರ್ ಇರುವ ಕಡೆ ಹೋಗಿ ಪೂರ್ತಿ ಸ್ಕ್ಯಾನ್ ಮಾಡಿಸಿ.

ಪಿ0705 ಲಿವರ್ ಸ್ಥಾನದ ಸ್ವಿಚ್ಚಿನದು. ಪಿ0715, ಪಿ0720 ವೇಗದ ಸೆನ್ಸರುಗಳದು. ಪಿ0740 ಲಾಕ್‌ಅಪ್ ಕ್ಲಚ್ಚಿನದು. ಪಿ0750ರಿಂದ ಮುಂದಿನ ಕೆಲವು ಸೊಲೆನಾಯ್ಡ್‌ಗಳದು. ಸೆನ್ಸರ್ ಅಥವಾ ಸ್ವಿಚ್ ಆದರೆ ಖರ್ಚು ಕಡಿಮೆ, ಬಹಳ ಕಾರುಗಳಲ್ಲಿ ಹೊರಗಿನಿಂದಲೇ ಬದಲಿಸಬಹುದು. ಪಿ0730 ಬಂದರೆ ಗೇರಿನ ಅನುಪಾತವೇ ತಪ್ಪುತ್ತಿದೆ ಎಂದರ್ಥ, ಅಂದರೆ ನಿಜವಾಗಿ ಸ್ಲಿಪ್ ಇದೆ. ಅದಕ್ಕೂ ಮೊದಲ ಉತ್ತರ ಆಯಿಲ್ ಲೆವೆಲ್ಲೇ. ಕೋಡನ್ನು ಅಳಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಳಿಸಿಬಿಟ್ಟು ಆಮೇಲೆ ಇನ್ನೊಬ್ಬರ ಹತ್ತಿರ ಹೋದರೆ ಅವರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಆಯಿಲ್ ಬದಲಿಸುವಾಗ

ಹೊರಗಿನ ಕಾರಣಗಳು ಮುಗಿದವು, ಆಯಿಲ್ ಹಳೆಯದು, ಆದರೆ ಸುಟ್ಟಿಲ್ಲ. ಆಗ ಬದಲಿಸಿ. "ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಎನ್ನುವವರಿದ್ದಾರೆ. ಪುಣೆಯ ಟ್ರಾಫಿಕ್ಕಿನಲ್ಲಿ ಓಡುವ ಟಾರ್ಕ್ ಕನ್ವರ್ಟರ್ ಕಾರಿಗೆ 40,000ದಿಂದ 60,000 ಕಿಲೋಮೀಟರಿಗೊಮ್ಮೆ ಬದಲಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಯಾವ ಆಯಿಲ್ ಎಂಬುದರಲ್ಲಿ ರಾಜಿ ಬೇಡ. ಹೊಂಡಾದ ಹಳೆಯ ಆಟೊಮ್ಯಾಟಿಕ್‌ಗೆ ಡಿಡಬ್ಲ್ಯು-1, ಹ್ಯುಂಡೈನ 4 ಗೇರಿನವಕ್ಕೆ ಎಸ್‌ಪಿ-3, ಟೊಯೊಟಾದಲ್ಲಿ ಮಾಡೆಲ್ ನೋಡಿ ಟಿ-4 ಅಥವಾ ಡಬ್ಲ್ಯುಎಸ್. ಸಿವಿಟಿಗೆ ಸಿವಿಟಿಯದೇ ಆಯಿಲ್ ಬೇಕು, ಮಾಮೂಲಿ ಆಟೊ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಗೇರ್‌ಬಾಕ್ಸೇ ಹಾಳಾಗುತ್ತದೆ. "ಸಬ್ ಮೇ ಚಲ್ತಾ ಹೈ" ಎಂದು ಡ್ರಮ್ಮಿನಿಂದ ಸುರಿಯುವ ಗ್ಯಾರೇಜಿನಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಸೀಲ್ ಇರುವ ಡಬ್ಬಿ ನಿಮ್ಮ ಎದುರೇ ತೆಗೆಯಲಿ.

ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ಉಳಿದದ್ದು ಕನ್ವರ್ಟರ್ ಒಳಗೇ ನಿಂತಿರುತ್ತದೆ. ಹಾಗಾಗಿ ಒಮ್ಮೆ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ, ಬೇಕಿದ್ದರೆ ಮೂರನೇ ಸಲವೂ ಬದಲಿಸುವುದು ಹಳೆಯ ಗೇರ್‌ಬಾಕ್ಸಿಗೆ ಹಿತ. ಮೆಷಿನ್ ಹಾಕಿ ಒತ್ತಡದಿಂದ ಫ್ಲಶ್ ಮಾಡುವುದನ್ನು ಒಂದು ಲಕ್ಷ ದಾಟಿ ಒಮ್ಮೆಯೂ ಆಯಿಲ್ ಕಾಣದ ಕಾರಿಗೆ ನಾನು ಹೇಳುವುದಿಲ್ಲ. ತಳದಲ್ಲಿ ಕೂತಿದ್ದ ಕೊಳೆ ಎದ್ದು ಆಯಿಲನ್ನು ಗೇರುಗಳಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸಿಕ್ಕಿಕೊಳ್ಳುವ ಭಯ ಇದೆ.

ಬಂದ ಆಯಿಲ್ ಎಷ್ಟು ಎಂದು ಅಳೆಯಿರಿ, ಅಷ್ಟನ್ನೇ ಹಾಕಿಸಿ ಲೆವೆಲ್ ನೋಡಿ. ಜಾಸ್ತಿಯಾದರೆ ನೊರೆ ಬರುತ್ತದೆ, ನೊರೆ ಬಂದರೆ ಒತ್ತಡ ಬೀಳುತ್ತದೆ, ಮತ್ತೆ ಸ್ಲಿಪ್. ಬೋಲ್ಟಿನ ವಾಷರ್ ಹೊಸದಿರಲಿ. ಪ್ಯಾನ್ ತೆಗೆದರೆ ಫಿಲ್ಟರ್ ಬದಲಿಸಿ, ಒಳಗಿನ ಅಯಸ್ಕಾಂತ ತೋರಿಸಲು ಹೇಳಿ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಇದ್ದರೆ ಒಳಗೆ ಬೇರಿಂಗೋ ಗೇರೋ ಒಡೆದಿದೆ, ಆಯಿಲ್‌ಗೆ ಇನ್ನು ಹಣ ಹಾಕಬೇಡಿ.

ಆಯಿಲ್ ಕಪ್ಪಾಗಿ, ಕಾರು ಆಗಲೇ ಜೋರಾಗಿ ಸ್ಲಿಪ್ ಆಗುತ್ತಿದ್ದರೆ ಹೊಸ ಆಯಿಲ್ ಅದನ್ನು ಉಳಿಸುವುದಿಲ್ಲ. ಸವೆದ ಪ್ಲೇಟು ಆಯಿಲ್‌ನಿಂದ ಬೆಳೆಯುವುದಿಲ್ಲವಲ್ಲ.

ಎಎಮ್‌ಟಿ ಇದ್ದವರಿಗೆ

ನಿಮ್ಮದು ಬೇರೆಯೇ ಕಥೆ. ಮೇಲಿನ ಆಯಿಲ್ ಪರೀಕ್ಷೆ ನಿಮಗೆ ಹೊಂದುವುದಿಲ್ಲ. ಮಾಮೂಲಿ ಕ್ಲಚ್ ಪ್ಲೇಟ್ ಸವೆದಿರುವುದು, ಆಕ್ಚುಯೇಟರ್ (ಕ್ಲಚ್ ಒತ್ತಿ ಗೇರ್ ಎಳೆಯುವ ಯಂತ್ರ) ಸುಸ್ತಾಗಿರುವುದು, ಬ್ಯಾಟರಿ ವೀಕ್ ಆಗಿರುವುದು, ಕಾರಣಗಳು ಹೆಚ್ಚಾಗಿ ಈ ಮೂರೇ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ ಲರ್ನಿಂಗ್ (ಹೊಸ ಕ್ಲಚ್ಚಿನ ಹಿಡಿತವನ್ನು ಕಂಪ್ಯೂಟರಿಗೆ ಕಲಿಸುವುದು) ಮಾಡಿಸಲೇಬೇಕು. ಅದನ್ನು ಬಿಟ್ಟರೆ ಹೊಸ ಕ್ಲಚ್ಚೂ ಜರ್ಕ್ ಹೊಡೆಯುತ್ತದೆ. ಚಾಂದನಿ ಚೌಕದ ಏರಿನಲ್ಲಿ ಜಾಮ್ ಆದಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸವೇ ಕ್ಲಚ್ ತಿನ್ನುವುದು. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಬಳಸಿ. ಒಣ ಕ್ಲಚ್ಚಿನ ಡಿಎಸ್‌ಜಿ ಇದ್ದವರಿಗೂ ಇದೇ ಮಾತು.

ದಾರಿಯಲ್ಲಿ ಕೈಕೊಟ್ಟರೆ

ಪುಣೆಯಿಂದ ಬೆಳಗಾವಿ ದಾರಿಯಲ್ಲಿ ಖಂಬಾಟ್ಕಿ ಘಾಟ್, ನಿಪ್ಪಾಣಿ ಹತ್ತಿರ ತವಂದಿ ಘಾಟ್. ಲಾರಿಗಳ ಹಿಂದೆ ಏರುವಾಗ ಗೇರ್ ಮೇಲೆ-ಕೆಳಗೆ ಓಡಾಡುತ್ತ ಆಯಿಲ್ ಕುದಿಯುತ್ತದೆ. ಲಿವರನ್ನು 2 ಅಥವಾ ಎಲ್‌ಗೆ ಇಳಿಸಿ ಒಂದೇ ಗೇರಿನಲ್ಲಿ ಏರಿ. ಇಳಿಜಾರಿನಲ್ಲೂ ಅದೇ. ಎನ್‌ಗೆ ಹಾಕಿ ಉರುಳಿಸಬೇಡಿ. ಗೇರ್ ಆಯಿಲ್ ಬಿಸಿಯ ಲೈಟ್ ಬಂದರೆ ಅಥವಾ ಸ್ಲಿಪ್ ಶುರುವಾದರೆ ಪಕ್ಕಕ್ಕೆ ನಿಲ್ಲಿಸಿ ಪಿ ಹಾಕಿ, ಎಂಜಿನ್ ಓಡುತ್ತಿರಲಿ. ಎಂಜಿನ್ ಓಡಿದರೆ ಮಾತ್ರ ಆಯಿಲ್ ಪಂಪು ಓಡುತ್ತದೆ, ಆಯಿಲ್ ಕೂಲರ್‌ಗೆ ಹೋಗಿ ತಣ್ಣಗಾಗುತ್ತದೆ. ಎಂಜಿನ್ನಿನ ಬಿಸಿಯ ಮುಳ್ಳೇ ಕೆಂಪಿಗೆ ಹೋಗಿದ್ದರೆ ಮಾತ್ರ ಆಫ್ ಮಾಡಿ.

ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಮೇಲೇರದೆ ನಿಂತರೆ ಅದು ಲಿಂಪ್ ಮೋಡ್. ಕಂಪ್ಯೂಟರ್ ಗೇರ್‌ಬಾಕ್ಸನ್ನು ಕಾಪಾಡಿಕೊಳ್ಳುತ್ತಿದೆ. ಸುರಕ್ಷಿತ ಜಾಗದಲ್ಲಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ. ನಿಧಾನವಾಗಿ ಹತ್ತಿರದ ಊರು ಮುಟ್ಟಿ, ಪೂರ್ತಿ ಪ್ರಯಾಣ ಮುಗಿಸುವ ಆಸೆ ಬೇಡ.

ಟಾರ್ಕ್ ಕನ್ವರ್ಟರ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗುವುದಿಲ್ಲ. ಹಗ್ಗ ಕಟ್ಟಿ ಎಳೆಸಲೂಬೇಡಿ. ಪಂಪು ನಿಂತಿರುವಾಗ ಚಕ್ರ ಉರುಳಿದರೆ ಒಳಗೆ ಆಯಿಲ್ ಇಲ್ಲದೆ ಉಜ್ಜುತ್ತದೆ. ಇನ್ಷೂರೆನ್ಸಿನ ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡುವಾಗಲೇ "ಆಟೊಮ್ಯಾಟಿಕ್ ಗಾಡಿ, ಫ್ಲಾಟ್‌ಬೆಡ್ಡೇ ಬೇಕು" ಎಂದು ಹೇಳಿ. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸುವವರೂ ನೆನಪಿಡಿ. ಮುಂದಿನ ಚಕ್ರ ಎಳೆಯುವ ಕಾರನ್ನು ಟೋಯಿಂಗ್ ಗಾಡಿ ಹಿಂದಿನಿಂದ ಎತ್ತಿ, ಪಿಯಲ್ಲಿ ಲಾಕ್ ಆದ ಮುಂದಿನ ಚಕ್ರಗಳನ್ನು ಉಜ್ಜಿಕೊಂಡು ಹೋದರೆ ದಂಡದ ರಸೀದಿಗಿಂತ ದೊಡ್ಡ ಬಿಲ್ಲು ಆಮೇಲೆ ಬರುತ್ತದೆ.

ಬಿಚ್ಚಲೇಬೇಕು ಎಂದಾದರೆ

ಮೊದಲು ಒಂದು ಲೆಕ್ಕ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಫಿಟ್ನೆಸ್ ಆಗಿ 5 ವರ್ಷಕ್ಕೊಮ್ಮೆ ರಿನ್ಯೂ. ಮಹಾರಾಷ್ಟ್ರದಲ್ಲಿ ಜೊತೆಗೆ ಪರಿಸರ ತೆರಿಗೆಯೂ ಇದೆ. 14 ವರ್ಷದ ಕಾರಿಗೆ ಅದರ ಅರ್ಧ ಬೆಲೆಯ ಓವರ್‌ಹಾಲ್ ಮಾಡಿಸುವ ಮೊದಲು ಬಾಡಿಯ ತುಕ್ಕು, ಎಂಜಿನ್, ಸಸ್ಪೆನ್ಷನ್ ನೋಡಿ. ಉಳಿದದ್ದೆಲ್ಲ ಗಟ್ಟಿ ಇದ್ದರೆ ಖರ್ಚು ಮಾಡಿ.

ಗ್ಯಾರೇಜ್ ಆರಿಸುವಾಗ ಆಟೊಮ್ಯಾಟಿಕ್ ಮಾತ್ರ ಮಾಡುವವರನ್ನು ಹುಡುಕಿ, ಮೂಲೆಯ ಆಲ್‌ರೌಂಡರ್ ಬೇಡ. ಹೋದ ಕೂಡಲೇ ಹೇಳಿಬಿಡಿ: "ದಾದಾ, ಗೇರ್‌ಬಾಕ್ಸ್ ಕೆಳಗಿಳಿಸುವ ಮೊದಲು ಸ್ಕ್ಯಾನ್ ರಿಪೋರ್ಟ್, ಆಯಿಲ್ ಲೆವೆಲ್, ಮೌಂಟಿಂಗ್ ಮೂರೂ ತೋರಿಸಿ. ಒತ್ತಡ ಅಳೆಯುವ ಗೇಜ್ ಹಾಕಿ ನೋಡಿ." ಪ್ರೆಶರ್ ಟೆಸ್ಟ್ ಮಾಡದೆ ಬಿಚ್ಚುವವರಿಗೆ ಒಳಗೆ ಏನು ಹುಡುಕಬೇಕು ಎಂದೇ ಗೊತ್ತಿರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ ವಾಲ್ವ್ ಬಾಡಿ, ಸೊಲೆನಾಯ್ಡ್ ಮಾತ್ರ ತೆಗೆದು ಕೆಲಸ ಮುಗಿಸಬಹುದು, ಅದನ್ನೂ ಕೇಳಿ.

ಹಳೆಯ ಗೇರ್‌ಬಾಕ್ಸನ್ನೇ ತಂದು ಹಾಕುವ ದಾರಿಯೂ ಇದೆ. ಬಿಡಿಭಾಗಕ್ಕೆ ನಾನಾ ಪೇಠ್, ಹಳೆಯ ಅಸೆಂಬ್ಲಿಗೆ ಮುಂಬೈಯ ಕುರ್ಲಾ ಕಡೆ ಜನ ಹೋಗುತ್ತಾರೆ. ಅಲ್ಲಿ ತೆಗೆದುಕೊಳ್ಳುವುದಾದರೆ ಗೇರ್‌ಬಾಕ್ಸ್ ಮೇಲಿನ ಕೋಡ್ ನಿಮ್ಮ ಕಾರಿನದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಒಳಗಿನ ಆಯಿಲ್ ಒಂದು ಹನಿ ಟಿಶ್ಯೂ ಮೇಲೆ ಬಿಟ್ಟು ನೋಡಿ. ಹಾಕುವಾಗ ಆಯಿಲ್ ಕೂಲರ್ ಮತ್ತು ಹೋಸುಗಳನ್ನು ತೊಳೆಸಲೇಬೇಕು, ಇಲ್ಲದಿದ್ದರೆ ಹಳೆಯದರ ಚೂರುಗಳು ಹೊಸದಕ್ಕೆ ಹೋಗುತ್ತವೆ. ರೇಡಿಯೇಟರ್ ಹಳೆಯದಿದ್ದರೆ ಈಗಲೇ ಬದಲಿಸಿ.

ಬಿಲ್ಲಿನಲ್ಲಿ ಬದಲಿಸಿದ ಭಾಗಗಳ ಹೆಸರು, ಆಯಿಲ್‌ನ ಹೆಸರು, ಎಷ್ಟು ಲೀಟರ್, ಓಡೋಮೀಟರಿನ ಕಿಲೋಮೀಟರ್, ವಾರಂಟಿ ಎಷ್ಟು ತಿಂಗಳು, ಎಲ್ಲವೂ ಬರೆದಿರಲಿ. ತೆಗೆದ ಹಳೆಯ ಪ್ಲೇಟು, ಸೀಲುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಡಲು ಹೇಳಿ. ಗಾಡಿ ವಾಪಸ್ ತೆಗೆದುಕೊಳ್ಳುವಾಗ ಗ್ಯಾರೇಜಿನ ಮುಂದೆ ಒಂದು ಸುತ್ತು ಸಾಲದು. ಮೆಕ್ಯಾನಿಕ್ಕನ್ನೇ ಪಕ್ಕ ಕೂರಿಸಿಕೊಂಡು ಕಾತ್ರಜ್ ಏರಿ ಇಳಿದು, ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಲೆವೆಲ್ ಇನ್ನೊಮ್ಮೆ ನೋಡಿ, ಆಮೇಲೆ ಉಳಿದ ಹಣ ಕೊಡಿ.